ನಂಬ್ಲಿಕ್ಕೆ ಆಗುದಿಲ್ಲ ಅಂದವನು

1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಮೊಹಿಂದರ್ ಅಮರನಾಥ್ ಹಾಕಿದ ಚೆಂಡು ಮೈಕಲ್ ಹೋಲ್ಡಿಂಗ್‌ನ ಪ್ಯಾಡಿಗೆ ಬಡಿಯಿತು, ಅಂಪೈರ್ ಬೆರಳು ಎತ್ತಿದರು, ವರ್ಲ್ಡ್ ಕಪ್ ಭಾರತಕ್ಕೆ ಬಂತು. ನಾವ್ಯಾರೂ ಹುಟ್ಟದ ಕಾಲದ್ದಾದರೂ ಈ ಕಥೆ ನಮಗೆಲ್ಲ ಬಾಯಿಪಾಠ. ಆ ಹೋಲ್ಡಿಂಗ್ ಜಮೈಕಾದವನು, 1954ರಲ್ಲಿ ಕಿಂಗ್‌ಸ್ಟನ್ ನಗರದಲ್ಲಿ ಹುಟ್ಟಿದವನು. ಅದೇ ವರ್ಷ ಸೆಪ್ಟೆಂಬರ್ 14ಕ್ಕೆ ಅದೇ ನಗರದಲ್ಲಿ ಇನ್ನೊಬ್ಬ ಮೈಕಲ್ ಹುಟ್ಟಿದ. ಅಪ್ಪ ಮೇಸ್ತ್ರಿ, ಅಮ್ಮ ಫ್ಯಾಕ್ಟರಿಯಲ್ಲಿ ದುಡಿಯುವವಳು. ಇವನು ಬೌಲರ್ ಆಗಲಿಲ್ಲ, ಕವಿಯಾದ. ನಾವು ಕಪ್ ಗೆದ್ದು ಸರಿಯಾಗಿ 53 ದಿನ ಆಗಿತ್ತು, ಕಿಂಗ್‌ಸ್ಟನ್ ಪಕ್ಕದ ಒಂದು ಗುಡ್ಡದ ಊರಿನ ರಸ್ತೆಯಲ್ಲಿ ಅವನನ್ನು ಕಲ್ಲು ಹೊಡೆದು ಕೊಂದರು. ಹಿಂದಿನ ದಿನ ಒಂದು ರಾಜಕೀಯ ಸಭೆಯಲ್ಲಿ ಅವನು ಎದ್ದು ನಿಂತು ಭಾಷಣಕ್ಕೆ ಅಡ್ಡ ಮಾತಾಡಿದ್ದ.

ಅವನ ಹೆಸರು ಮೈಕಲ್ ಸ್ಮಿತ್. ಎಲ್ಲರ ಬಾಯಲ್ಲಿ ಮೈಕಿ ಸ್ಮಿತ್.

ಮಲ್ಪೆಗೋ ಕಾಪು ಬೀಚಿಗೋ ಹೋದರೆ ಬಾಬ್ ಮಾರ್ಲೆಯ ಮುಖ ಇರುವ ಟೀ ಶರ್ಟ್ ಒಂದಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹಾಕಿಕೊಂಡವರಲ್ಲಿ ಎಷ್ಟು ಜನ ಹಾಡು ಕೇಳಿದ್ದಾರೆ ಅನ್ನುವುದು ಬೇರೆ ಪ್ರಶ್ನೆ. ಜಮೈಕಾ ಅಂದ್ರೆ ಮಾರ್ಲೆ, ಮಾರ್ಲೆ ಅಂದ್ರೆ ಹೊಗೆ, ಅಲ್ಲಿಗೆ ನಮ್ಮ ಜ್ಞಾನ ಮುಗಿಯಿತು. (ಆ ಹೊಗೆಯ ಹೆಸರು ಕೂಡ ಇಲ್ಲಿಂದಲೇ ಹೋದದ್ದು. 1845ರಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದ ಭಾರತೀಯರೊಟ್ಟಿಗೆ ಗಾಂಜಾ ಅನ್ನುವ ಶಬ್ದವೂ ಹಡಗು ಹತ್ತಿತು.) ಮೈಕಿ ಸ್ಮಿತ್ ಮಾರ್ಲೆಯಂಥ ಸ್ಟಾರ್ ಅಲ್ಲ. ಬದುಕಿದ್ದಾಗ ಬಂದ ಆಲ್ಬಮ್ ಒಂದೇ, 1982ರ 'ಮಿ ಕ್ಯಾನ್ ಬಿಲೀವ್ ಇಟ್'. ಹೆಸರು ಇಂಗ್ಲಿಷ್ ಥರ ಕೇಳಿಸಿದರೂ ಅರ್ಥ ತಲೆಕೆಳಗು. ಜಮೈಕಾದ ಜನರ ಮಾತಿನಲ್ಲಿ ಆ ಶಬ್ದವನ್ನು ಹ್ರಸ್ವವಾಗಿ ಹೇಳಿದರೆ ಆಗುತ್ತದೆ ಅಂತ, ದೀರ್ಘ ಎಳೆದರೆ ಆಗುವುದಿಲ್ಲ ಅಂತ. ಇಲ್ಲಿರುವುದು ದೀರ್ಘ. ಪುಸ್ತಕದ ಕನ್ನಡದಲ್ಲಿ ನನಗೆ ನಂಬಲು ಸಾಧ್ಯವಾಗುತ್ತಿಲ್ಲ ಅಂತ ಅನುವಾದ ಮಾಡಿದರೆ ಇಡೀ ಆಲ್ಬಮ್ ಸತ್ತುಹೋಗುತ್ತದೆ. ನಮ್ಮ ಉಡುಪಿಯ ಮಾತಿನಲ್ಲಿ ನಂಗೆ ನಂಬ್ಲಿಕ್ಕೆ ಆಗುದಿಲ್ಲ ಅಂದ್ರೆ ಹತ್ತಿರ ಬರುತ್ತದೆ. ತುಳುವಿನಲ್ಲಿ ಎಂಕ್ ನಂಬರೆ ಆಪುಜಿ ಅಂದ್ರೆ ಇನ್ನೂ ಹತ್ತಿರ.

ಈ ಆಲ್ಬಮ್ ಯಾವ ಜಾತಿಯದು ಅಂತ ಕೇಳಿದರೆ ಡಬ್ ಕಾವ್ಯ ಅನ್ನುತ್ತಾರೆ. ರೆಗ್ಗೇ ತಾಳದ ಮೇಲೆ ರಾಜಕೀಯ ಕವಿತೆ. ಡಬ್ ಅಂದ ಕೂಡಲೇ ಕನ್ನಡಕ್ಕೆ ಡಬ್ಬಿಂಗ್ ಬೇಕೋ ಬೇಡವೋ ಅನ್ನುವ ನಮ್ಮ ಹಳೇ ಜಗಳ ನೆನಪಾಗಬಹುದು. ಶಬ್ದದ ಮೂಲ ಒಂದೇ, ಕಥೆ ಮಾತ್ರ ಬೇರೆ. ಎಲೆಕ್ಟ್ರಾನಿಕ್ಸ್ ಬ್ರಾಂಚಿನವರು ಸ್ವಲ್ಪ ಕಾಲರ್ ಎತ್ತಿಕೊಳ್ಳಬಹುದಾದ ಕಥೆ, ಯಾಕಂದ್ರೆ ಡಬ್ ಅನ್ನುವುದನ್ನು ಕಟ್ಟಿದವನು ಸಂಗೀತಗಾರನೇ ಅಲ್ಲ, ರೇಡಿಯೋ ರಿಪೇರಿಯವನು.

1960ರ ದಶಕದ ಜಮೈಕಾದಲ್ಲಿ ಬಡವರಿಗೆ ಸಂಗೀತ ಸಿಗುತ್ತಿದ್ದದ್ದು ಸೌಂಡ್ ಸಿಸ್ಟಮ್‌ಗಳಿಂದ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಆಂಪ್ಲಿಫೈಯರ್, ರೆಕಾರ್ಡ್ ತಿರುಗಿಸುವ ಯಂತ್ರ, ಎಲ್ಲ ಸೇರಿ ಬಯಲಲ್ಲಿ ಡ್ಯಾನ್ಸ್. ಹೊಸ ಹಾಡು ಅಂಗಡಿಗೆ ಬರುವ ಮೊದಲೇ ಒಂದೊಂದು ಪ್ರತಿ ತೆಗೆದು ಈ ಸಿಸ್ಟಮ್‌ನವರಿಗೆ ಕೊಡುತ್ತಿದ್ದರು. ಅದಕ್ಕೆ ಡಬ್ ಪ್ಲೇಟ್ ಅಂತ ಹೆಸರು. 1967-68ರ ಸುಮಾರಿಗೆ ಹೀಗೆ ಪ್ರತಿ ತೆಗೆಯುವಾಗ ಸ್ಟುಡಿಯೋದವನು ಗಾಯಕರ ದನಿ ಹಾಕದೇ ಬರೀ ವಾದ್ಯದ ಟ್ರ್ಯಾಕ್ ಕತ್ತರಿಸಿಬಿಟ್ಟ. ಕೈತಪ್ಪು. ಆದರೆ ರಾತ್ರಿ ಡ್ಯಾನ್ಸಿನಲ್ಲಿ ಅದನ್ನು ಹಾಕಿದಾಗ ಜನ ತಾವೇ ಹಾಡಲು ಶುರು ಮಾಡಿದರು. ದನಿ ಇಲ್ಲದ ಜಾಗವನ್ನು ಕೇಳುವವರು ತುಂಬಿಸಿದರು. ಆಮೇಲೆ ರೆಕಾರ್ಡಿನ ಹಿಂಬದಿಯಲ್ಲಿ ಬೇಕೆಂದೇ ದನಿಯಿಲ್ಲದ ಆವೃತ್ತಿ ಹಾಕುವುದು ರೂಢಿಯಾಯಿತು.

ಇದನ್ನು ಕಲೆಯ ಮಟ್ಟಕ್ಕೆ ಒಯ್ದವನು ಕಿಂಗ್ ಟಬ್ಬಿ. ನಿಜವಾದ ಹೆಸರು ಓಸ್ಬರ್ನ್ ರಡಕ್, 1941ರಲ್ಲಿ ಹುಟ್ಟಿದವನು. ರೇಡಿಯೋ ರಿಪೇರಿ ಮಾಡುವವ, ಟ್ರಾನ್ಸ್‌ಫಾರ್ಮರ್ ಸುತ್ತುವವ, ಆಂಪ್ಲಿಫೈಯರ್ ಕಟ್ಟುವವ. ಮನೆಯಲ್ಲೇ ಸಣ್ಣ ಸ್ಟುಡಿಯೋ ಮಾಡಿಕೊಂಡ. ಇದ್ದದ್ದು ನಾಲ್ಕು ಟ್ರ್ಯಾಕಿನ ಒಂದು ಹಳೇ ಮಿಕ್ಸಿಂಗ್ ಡೆಸ್ಕ್. ಅದರಲ್ಲಿ ಫೇಡರ್ ಇಳಿಸಿ ಗಿಟಾರ್ ಮಾಯ ಮಾಡುವುದು, ಡ್ರಮ್ಮಿನ ಒಂದು ಪೆಟ್ಟನ್ನು ಮಾತ್ರ ಎಕೋಗೆ ಕಳಿಸಿ ಅದರ ಫೀಡ್‌ಬ್ಯಾಕ್ ಏರಿಸುವುದು, ಹೈ ಪಾಸ್ ಫಿಲ್ಟರಿನ ಗುಬುಟು ತಿರುಗಿಸುತ್ತಾ ಬೇಸ್ ಅನ್ನು ಕೆಳಗಿನಿಂದ ಸವೆಸುತ್ತಾ ಹೋಗುವುದು, ಎಲ್ಲ ಕೈಯಲ್ಲೇ, ಹಾಡು ಓಡುತ್ತಿರುವಾಗಲೇ. ನಾವು ಲ್ಯಾಬಿನಲ್ಲಿ ಆಸಿಲೋಸ್ಕೋಪಿನ ಮುಂದೆ ಆಕಳಿಸುತ್ತಾ ನೋಡುವ ಕಟ್-ಆಫ್ ಫ್ರೀಕ್ವೆನ್ಸಿ ಅವನ ಕೈಯಲ್ಲಿ ವಾದ್ಯವಾಯಿತು. ಈ ಖಾಲಿ ಟ್ರ್ಯಾಕುಗಳ ಮೇಲೆ ಯು-ರಾಯ್‌ನಂಥವರು ಮೈಕ್ ಹಿಡಿದು ಮಾತಾಡತೊಡಗಿದರು. ಹಾಡಲ್ಲ, ಮಾತು. ಈಗಿನ ರ್‍ಯಾಪಿನ ಅಜ್ಜನ ಮನೆ ಅದು.

ಡಬ್ ಕವಿಗಳು ಇದರಿಂದಲೇ ಹುಟ್ಟಿದರೂ ಒಂದು ವಿಷಯದಲ್ಲಿ ಬೇರೆಯಾದರು. ಮೈಕ್ ಹಿಡಿದವನು ಬೇರೆಯವರು ಮಾಡಿದ ತಾಳಕ್ಕೆ ಆ ಕ್ಷಣಕ್ಕೆ ಮಾತು ಕೂಡಿಸುತ್ತಿದ್ದ. ಡಬ್ ಕವಿ ಮೊದಲು ಕವಿತೆ ಬರೆಯುತ್ತಾನೆ, ತಾಳ ಕವಿತೆಯ ಒಳಗೇ ಇರುತ್ತದೆ. ವಾದ್ಯ ನಿಲ್ಲಿಸಿದರೂ ರೆಗ್ಗೇ ಕೇಳಿಸಬೇಕು. ಓಕು ಒನುವೊರಾ ಎಂಬ ಕವಿ ಹಾಕಿಕೊಟ್ಟ ಲೆಕ್ಕ ಇದು. ಆತ ಜೈಲಿನಲ್ಲಿದ್ದೇ ಕವಿಯಾದವನು, ಅವನದೇ ಒಂದು ದೊಡ್ಡ ಕಥೆ. ಚೆಂಡೆ ಕೇಳಿ ಬೆಳೆದ ನಮ್ಮ ಕಿವಿಗೆ ರೆಗ್ಗೇ ಮೊದಲ ಸಲ ಸ್ವಲ್ಪ ತಬ್ಬಿಬ್ಬು ಮಾಡುತ್ತದೆ. ನಾಲ್ಕು ಎಣಿಕೆಯಲ್ಲಿ ಒಂದನೆಯದರ ಮೇಲೆ ಪೆಟ್ಟೇ ಬೀಳುವುದಿಲ್ಲ, ಭಾರ ಎಲ್ಲ ಮೂರನೆಯದರ ಮೇಲೆ. ಮೆಟ್ಟಿಲು ಇದೆ ಅಂತ ಕಾಲಿಟ್ಟರೆ ಮೆಟ್ಟಿಲೇ ಇಲ್ಲದ ಹಾಗೆ. ಮೈಕಿ ಸ್ಮಿತ್‌ನ ಸಾಲುಗಳು ಮುಗ್ಗರಿಸುವುದು, ತಡೆಯುವುದು, ಮತ್ತೆ ನುಗ್ಗುವುದು ಆ ಖಾಲಿ ಜಾಗದಲ್ಲಿ.

ಇಷ್ಟು ಹೇಳದೆ ಅವನ ಬದುಕಿನ ಕಥೆ ಹೇಳಿ ಪ್ರಯೋಜನ ಇಲ್ಲ. ಈಗ ಅಲ್ಲಿಗೆ ಬರೋಣ.

ಅವನಿಗೆ 8 ತುಂಬುವ ತಿಂಗಳು ಮೊದಲು, 1962ರ ಆಗಸ್ಟ್ 6ಕ್ಕೆ, ಜಮೈಕಾ ಬ್ರಿಟಿಷರಿಂದ ಸ್ವತಂತ್ರವಾಯಿತು. ಹೊಸ ಧ್ವಜ, ಹೊಸ ರಾಷ್ಟ್ರಗೀತೆ. ಆಮೇಲೆ ಎರಡು ಪಕ್ಷಗಳ ನಡುವೆ ಕಿಂಗ್‌ಸ್ಟನ್ ನಗರವೇ ಹಂಚಿಹೋಯಿತು. ಇಂಥ ಕೇರಿ ಇಂಥ ಪಕ್ಷದ್ದು ಅಂತ ಗಡಿ. ಮನೆ, ಕೆಲಸ, ನೀರು, ಎಲ್ಲ ಪಕ್ಷದ ಕೈಯಿಂದಲೇ ಬರಬೇಕು. ಜೊತೆಗೆ ಬಂದೂಕೂ. ತಪ್ಪು ಕೇರಿಯಲ್ಲಿ ತಪ್ಪು ಬಣ್ಣದ ಅಂಗಿ ಹಾಕಿದರೂ ಕಷ್ಟ. 1972ರಿಂದ ಮೈಕಲ್ ಮ್ಯಾನ್ಲಿ ಪ್ರಧಾನಿ. 1977ರ ಹೊತ್ತಿಗೆ ಸಾಲಕ್ಕಾಗಿ ಐಎಂಎಫ್ ಬಾಗಿಲಿಗೆ ಹೋಗಬೇಕಾಯಿತು. 1978ರ ಏಪ್ರಿಲ್‌ನಲ್ಲಿ ಬಾಬ್ ಮಾರ್ಲೆ ವೇದಿಕೆ ಮೇಲೆ ಮ್ಯಾನ್ಲಿ ಮತ್ತು ವಿರೋಧಿ ನಾಯಕ ಎಡ್ವರ್ಡ್ ಸಿಯಾಗ ಇಬ್ಬರ ಕೈ ಹಿಡಿದು ಮೇಲೆತ್ತಿದ್ದು ಜಗತ್ಪ್ರಸಿದ್ಧ ಫೋಟೋ. ಫೋಟೋ ಚೆನ್ನಾಗಿ ಬಂತು, ಶಾಂತಿ ಬರಲಿಲ್ಲ. 1980ರ ಚುನಾವಣಾ ವರ್ಷದಲ್ಲಿ ಸುಮಾರು 800 ಮಂದಿ ಸತ್ತರು. ಅಕ್ಟೋಬರ್ 30ರ ಮತದಾನದಲ್ಲಿ ಸಿಯಾಗನ ಪಕ್ಷ 60ರಲ್ಲಿ 51 ಸೀಟು ಗೆದ್ದಿತು.

ಆ ವರ್ಷವೇ ಮೈಕಿ ಸ್ಮಿತ್ ಜಮೈಕಾ ಸ್ಕೂಲ್ ಆಫ್ ಡ್ರಾಮಾದಿಂದ ರಂಗಕಲೆಯಲ್ಲಿ ಡಿಪ್ಲೊಮಾ ಪಡೆದು ಹೊರಬಂದ. ಒನುವೊರಾ, ಜೀನ್ ಬಿಂಟಾ ಬ್ರೀಜ್ ಕೂಡ ಅದೇ ಶಾಲೆಯಲ್ಲಿ ಕಲಿತವರು. ಡಬ್ ಕಾವ್ಯ ಬೀದಿಯಲ್ಲೇ ತನ್ನಿಂದ ತಾನೇ ಮೊಳೆಯಿತು ಅಂತ ರೊಮ್ಯಾಂಟಿಕ್ ಆಗಿ ಹೇಳುವವರು ಇದನ್ನು ಮರೆಯುತ್ತಾರೆ. ಉಸಿರು ಎಲ್ಲಿ ಹಿಡಿಯಬೇಕು, ದನಿ ಎಲ್ಲಿ ಒಡೆಯಬೇಕು ಅನ್ನುವುದನ್ನು ಕೂತು ಕಲಿತವರು ಇವರು. ಓದು ಮುಗಿಯುವ ಮೊದಲೇ ಅವನ ಹೆಸರು ಹರಡಿತ್ತು. 1978ರಲ್ಲಿ ಕ್ಯೂಬಾದಲ್ಲಿ ನಡೆದ ವಿಶ್ವ ಯುವಜನ ಮೇಳಕ್ಕೆ ಜಮೈಕಾದ ಪರವಾಗಿ ಹೋಗಿಬಂದ. ಅದೇ ವರ್ಷ ಒಂದು ಸಣ್ಣ ಕಂಪನಿ ಅವನ ಮೊದಲ ರೆಕಾರ್ಡ್ ತಂತು.

ಅವನು ಬಳಸಿದ ಭಾಷೆಯ ಬಗ್ಗೆ ಇಲ್ಲಿ ನಿಂತು ಹೇಳಬೇಕು, ಯಾಕಂದ್ರೆ ನಮಗೆ ಇದು ಬೇಗ ಅರ್ಥವಾಗುತ್ತದೆ. ಜಮೈಕಾದ ಸರ್ಕಾರಿ ಭಾಷೆ ಇಂಗ್ಲಿಷ್. ಜನ ಆಡುವುದು ಪಾಟ್ವಾ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಇಂಗ್ಲಿಷ್ ಶಬ್ದಗಳನ್ನು ತಮ್ಮ ವ್ಯಾಕರಣಕ್ಕೆ ಬಗ್ಗಿಸಿ ಮಾಡಿಕೊಂಡ ಮಾತು. ಮನೆಯಲ್ಲಿ, ಸಂತೆಯಲ್ಲಿ, ಜಗಳದಲ್ಲಿ ಅದೇ. ಶಾಲೆಯಲ್ಲಿ ಮಾತ್ರ ಅದು ಕೆಟ್ಟ ಇಂಗ್ಲಿಷ್. ಉಡುಪಿಯಿಂದ ಮಣಿಪಾಲದ ಟೈಗರ್ ಸರ್ಕಲ್‌ಗೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ಮೂರು ನಿಮಿಷದಲ್ಲಿ ತುಳು, ಕನ್ನಡ, ಕೊಂಕಣಿ, ಹಿಂದಿ ಎಲ್ಲ ದಾಟಿಬಿಡುತ್ತಾರೆ. ಆದರೆ ಸ್ಟೇಜ್ ಹತ್ತಿ ಕವಿತೆ ಓದಿ ಅಂದ್ರೆ ನಮ್ಮಲ್ಲಿ ಕಾರ್ಕಳದವರೂ ಕುಂದಾಪುರದವರೂ ಹುಬ್ಬಳ್ಳಿಯವರೂ ಒಂದೇ ಥರದ ಇಸ್ತ್ರಿ ಹಾಕಿದ ಕನ್ನಡಕ್ಕೆ ಬದಲಾಗಿಬಿಡುತ್ತೇವೆ. ಅಮ್ಮನ ಹತ್ತಿರ ಫೋನಲ್ಲಿ ಆಡಿದ ಮಾತು ಮೈಕಿನ ಮುಂದೆ ಬರುವುದಿಲ್ಲ. ಅದು ತಮಾಷೆಗೆ ಮಾತ್ರ, ಸ್ಕಿಟ್‌ಗೆ ಮಾತ್ರ. ಪಾಟ್ವಾಕ್ಕೂ ಇದೇ ಗತಿ ಇತ್ತು. ಲೂಯಿಸ್ ಬೆನೆಟ್ ಎಂಬ ಮಹಾತಾಯಿ 1940ರ ದಶಕದಿಂದಲೇ ಅದರಲ್ಲಿ ಕವಿತೆ ಬರೆದು ಇಡೀ ದ್ವೀಪವನ್ನು ನಗಿಸಿದ್ದಳು. ಜನ ಪ್ರೀತಿಸಿದರು, ಪಂಡಿತರು ಅದನ್ನು ಕಾವ್ಯ ಅಂತ ಒಪ್ಪಲು ಬಹಳ ಕಾಲ ತೆಗೆದುಕೊಂಡರು. ಮೈಕಿ ಸ್ಮಿತ್ ಅದೇ ಮಾತಿನಲ್ಲಿ ನಗಿಸಿ, ನಗು ಮುಗಿಯುವ ಮೊದಲೇ ಹೆದರಿಸಿದ.

ತಾಳ ಬಡಿದು ಅಧಿಕಾರದವರ ಮೇಲೆ ದೂರು ಹೇಳುವುದು ನಮಗೇನೂ ಹೊಸತಲ್ಲ. ಕಾರ್ಕಳದ ಗೊಮ್ಮಟ 1432ರಲ್ಲಿ ಪ್ರತಿಷ್ಠೆಯಾದದ್ದು ಅಂತ ಇತಿಹಾಸದ ಪುಸ್ತಕ ಹೇಳಿ ಮುಂದೆ ಹೋಗುತ್ತದೆ. ಕಲ್ಕುಡ ಕಲ್ಲುರ್ಟಿ ಪಾಡ್ದನ ಹಾಗೆ ಮುಂದೆ ಹೋಗುವುದಿಲ್ಲ. ಮೂರ್ತಿ ಕೆತ್ತಿದ ಕಲ್ಕುಡ ಇನ್ನೊಂದು ಕಡೆ ಅಂಥದ್ದೇ ಮಾಡಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಅವನು ಉಳಿದ ಒಂದು ಕೈಯಲ್ಲೇ ವೇಣೂರಿನ ಮೂರ್ತಿ ಕೆತ್ತಿದ. ತಂಗಿ ಕಲ್ಲುರ್ಟಿ ಕಾರ್ಕಳಕ್ಕೆ ಬಂದು ಸೇಡು ತೀರಿಸಿದಳು. ತೆಂಬರೆ ಬಡಿಯುತ್ತಾ, ತುಳುವಿನಲ್ಲಿ, ಅರಸನ ಊರಿನಲ್ಲೇ ಇದನ್ನು ತಲೆಮಾರುಗಳಿಂದ ಹಾಡಿದ್ದಾರೆ. ವೇಣೂರಿನ ಮೂರ್ತಿಯ ಕಾಲ 1604, ಆದ್ದರಿಂದ ಲೆಕ್ಕ ಕೂಡುವುದಿಲ್ಲ ಅಂತ ಯಾರಾದರೂ ಹೇಳಬಹುದು. ದೂರಿನ ಲೆಕ್ಕ ಬೇರೆ ಥರದ್ದು ಮಾರಾಯ್ರೆ.

1981ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಕೆರಿಬಿಯನ್ ದೇಶಗಳ ಕಲಾ ಉತ್ಸವ ಕ್ಯಾರಿಫೆಸ್ಟ ನಡೆಯಿತು. ಅಲ್ಲಿ ಮೈಕಿ ಸ್ಮಿತ್ ತನ್ನ ನಂಬ್ಲಿಕ್ಕೆ ಆಗುದಿಲ್ಲ ಕವಿತೆ ಹೇಳುವಾಗ ಬಿಬಿಸಿ ಟಿವಿಯವರು ಚಿತ್ರೀಕರಿಸಿದರು. ಮುಂದಿನ ವರ್ಷ ಲಂಡನ್‌ಗೆ ಹೋದ.

ಲಂಡನ್‌ನಲ್ಲಿ ಅವನಿಗೆ ಕಾದಿದ್ದವನು ಲಿಂಟನ್ ಕ್ವೆಸಿ ಜಾನ್ಸನ್. 1952ರಲ್ಲಿ ಜಮೈಕಾದ ಹಳ್ಳಿಯಲ್ಲಿ ಹುಟ್ಟಿ, 11ರ ಪ್ರಾಯದಲ್ಲಿ ಲಂಡನ್ ಸೇರಿ, ಸಮಾಜಶಾಸ್ತ್ರ ಓದಿದವನು. 1978, 79, 80, ವರ್ಷಕ್ಕೊಂದರಂತೆ ಮೂರು ಆಲ್ಬಮ್ ಮಾಡಿ ಡಬ್ ಕಾವ್ಯಕ್ಕೆ ದೊಡ್ಡ ಕಂಪನಿಗಳ ಬಾಗಿಲು ತೆಗೆಸಿದ್ದ. ಆ ಹೊತ್ತಿನ ಕಪ್ಪು ಲಂಡನ್ ಕುದಿಯುತ್ತಿತ್ತು. 1981ರ ಜನವರಿಯಲ್ಲಿ ನ್ಯೂ ಕ್ರಾಸ್‌ನ ಒಂದು ಮನೆಯಲ್ಲಿ ಹುಟ್ಟುಹಬ್ಬದ ಪಾರ್ಟಿಗೆ ಬೆಂಕಿ ಬಿದ್ದು 13 ಮಂದಿ ಎಳೆಯರು ಸತ್ತಿದ್ದರು. ಏಪ್ರಿಲ್‌ನಲ್ಲಿ ಬ್ರಿಕ್ಸ್‌ಟನ್ ಗಲಭೆ. ಅಂಥ ಊರಿಗೆ ಬಂದ ಮೈಕಿ ಸ್ಮಿತ್ ಕ್ಯಾಮ್ಡನ್‌ನಲ್ಲಿ, ಪುಸ್ತಕ ಮೇಳದಲ್ಲಿ ಕವಿತೆ ಹೇಳಿದ. ಜಾನ್ಸನ್ ಅವನನ್ನು ಸ್ಟುಡಿಯೋಗೆ ಕರೆದುಕೊಂಡು ಹೋದ. ಜೊತೆಗೆ ಡೆನಿಸ್ ಬೋವೆಲ್, ಬೇಸ್ ನುಡಿಸುವವನು, ಮಿಕ್ಸಿಂಗ್ ಡೆಸ್ಕಿನ ಮುಂದೆ ಟಬ್ಬಿಯ ವಂಶದವನು. ಇಬ್ಬರೂ ಸೇರಿ ನಿರ್ಮಿಸಿದ ಆಲ್ಬಮ್ ಅನ್ನು ಮಾರ್ಲೆಯ ಕಂಪನಿ ಐಲೆಂಡ್ ರೆಕಾರ್ಡ್ಸ್ ಬಿಡುಗಡೆ ಮಾಡಿತು.

ಹೆಸರಿನ ಕವಿತೆಯಲ್ಲಿ ಏನಿದೆ ಅಂದ್ರೆ, ದೊಡ್ಡ ಘೋಷಣೆ ಯಾವುದೂ ಇಲ್ಲ. ಬಾಡಿಗೆ ಕೋಣೆ ಇದೆ ಅಂತ ಬೋರ್ಡು ನೋಡಿ ಒಬ್ಬ ಒಳಗೆ ಹೋಗುತ್ತಾನೆ. ಅವನೊಟ್ಟಿಗೆ ಜಿರಳೆ, ಇಲಿ, ಚೇಳು ಕೂಡ ಒಳಗೆ ಬರುತ್ತವೆ. ನಾಲ್ಕು ಮಕ್ಕಳ ತಾಯಿ ಡೋರಿಸ್ ಮನೆಗೆಲಸಕ್ಕೆ ಸೇರುತ್ತಾಳೆ, ಯಜಮಾನ ಅವಳನ್ನು ಮತ್ತೆ ಬಸುರಿ ಮಾಡುತ್ತಾನೆ. ಗುಡ್ಡದ ಮೇಲಿನ ಶ್ರೀಮಂತರ ಅಂಗಳದಿಂದ ಒಬ್ಬ ಹೆಂಗಸು ಕೆಲಸದವನನ್ನು ಕರೆದು ನಾಯಿಯ ಹೇಲು ತೆಗೆದಾಯಿತಾ ಅಂತ ವಿಚಾರಿಸುವುದು ಕೇಳಿಸುತ್ತದೆ, ಅವನು ಪ್ರತಿ ಸಲ ಹೌದಮ್ಮ ಅನ್ನುತ್ತಾನೆ. ಕೊನೆಗೆ ರಾತ್ರಿ ಬೆಂಕಿ, ಬೊಬ್ಬೆ, ಯಾರು ಸತ್ತರು ಅನ್ನುವ ಗೊಂದಲ, ಹೆಣಗಳ ಎಣಿಕೆ. ನಡುವೆ ಮಕ್ಕಳ ಆಟದ ಪದ್ಯಗಳು ಬರುತ್ತವೆ. ನಾವೂ ಎಲ್‌ಕೆಜಿಯಲ್ಲಿ ಹೇಳಿದ ಹಂಪ್ಟಿ ಡಂಪ್ಟಿ ಕೂಡ ಅಲ್ಲಿದ್ದಾನೆ, ಅವನ ಹಾಗೆ ಗೋಡೆ ಮೇಲೆ ಕೂತು ನೋಡುವುದಿಲ್ಲ ಅನ್ನುವ ಅರ್ಥದಲ್ಲಿ. ರಾಜಕೀಯವನ್ನು ಪಾಲಿಟ್ರಿಕ್ಸ್ ಅನ್ನುತ್ತಾನೆ. ಅದು ರಾಸ್ತಾಫರಿಗಳ ನಡುವೆ ಚಾಲ್ತಿಯಲ್ಲಿದ್ದ ಶಬ್ದ. ಎರಡು ಪಕ್ಷದಲ್ಲಿ ಇದು ಯಾವುದಕ್ಕೆ ಹೇಳಿದ್ದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಎರಡಕ್ಕೂ ತಾಗುತ್ತದೆ. ಪ್ರತಿ ತುಣುಕಿನ ಕಡೆಗೆ ಮತ್ತೆ ಅದೇ ಮಾತು, ನಂಬ್ಲಿಕ್ಕೆ ಆಗುದಿಲ್ಲ. ದಿನಾ ಕಣ್ಣೆದುರು ಆಗುತ್ತಿರುವುದನ್ನೇ ನಂಬ್ಲಿಕ್ಕೆ ಆಗುದಿಲ್ಲ ಅನ್ನುವುದರಲ್ಲಿ ಒಂದು ಹಟ ಉಂಟು. ಅಭ್ಯಾಸ ಆಗಿಹೋಯ್ತು ಅಂತ ಹೇಳಲು ಅವನು ತಯಾರಿಲ್ಲ.

ಇಷ್ಟೂ ಪಾತ್ರಗಳಿಗೆ ದನಿ ಒಬ್ಬನದೇ. ಹರಿಕಥೆ ದಾಸರು ಒಬ್ಬರೇ ರಾಮನೂ ರಾವಣನೂ ಆಗುವ ಹಾಗೆ ಇವನು ಯಜಮಾನಿಯೂ ಹೌದು, ಆಳೂ ಹೌದು, ಬೆಂಕಿ ಬಿದ್ದ ಕೇರಿಯೂ ಹೌದು. ಪಿಸುಮಾತಿನಿಂದ ಶುರು ಮಾಡಿ, ದೇವರನ್ನು ಕರೆಯುವ ಒಂದು ಶಬ್ದವನ್ನು ಎಳೆದೂ ಎಳೆದೂ ಹಳೇ ಬೈಕ್ ಕಿಕ್ ಹೊಡೆದು ರೇಸ್ ಮಾಡಿದ ಹಾಗೆ ಗುಡುಗಿಸುತ್ತಾನೆ. ಬಾರ್ಬಡೋಸ್‌ನ ದೊಡ್ಡ ಕವಿ ಕಮಾವು ಬ್ರಾತ್ವೇಟ್ 'ಹಿಸ್ಟರಿ ಆಫ್ ದ ವಾಯ್ಸ್' ಎಂಬ ತನ್ನ 1984ರ ಪುಸ್ತಕದಲ್ಲಿ ಇವನನ್ನು ಕಿವಿಗೊಟ್ಟು ಕೇಳಿದ್ದಾನೆ. ಇಂಗ್ಲೆಂಡಿನ ಛಂದಸ್ಸು ಬಿರುಗಾಳಿ ಬೀಸುವ ನಾಡಿನ ಅನುಭವಕ್ಕೆ ಸಾಲುವುದಿಲ್ಲ, ಸದ್ದು ಕೂಡ ಅರ್ಥದ ಭಾಗ ಅನ್ನುವುದು ಅವನ ವಾದ. ಆಷಾಢದ ಮಳೆಯಲ್ಲಿ ಹಂಚಿನ ಮಾಡಿನ ಶಾಲೆಯೊಳಗೆ ಕೂತು ಡ್ಯಾಫೊಡಿಲ್ಸ್ ಹೂವಿನ ಪದ್ಯ ಬಾಯಿಪಾಠ ಮಾಡಿದವರಿಗೆ ಈ ವಾದ ಬಿಡಿಸಿ ಹೇಳಬೇಕಾಗಿಲ್ಲ.

ಡ್ಯಾಫೊಡಿಲ್ಸ್ ಬರೆದ ವರ್ಡ್ಸ್‌ವರ್ತ್ ಇನ್ನೊಂದು ಕಡೆಯಿಂದಲೂ ಈ ಕಥೆಗೆ ಬರುತ್ತಾನೆ. 1982ರಲ್ಲೇ ಬಿಬಿಸಿಯ ಅರೀನಾ ಕಾರ್ಯಕ್ರಮಕ್ಕಾಗಿ ಆಂಥೊನಿ ವಾಲ್ ಎಂಬಾತ ಮೈಕಿ ಸ್ಮಿತ್ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದ. ಹೆಸರು 'ಅಪಾನ್ ವೆಸ್ಟ್‌ಮಿನ್‌ಸ್ಟರ್ ಬ್ರಿಜ್', ವರ್ಡ್ಸ್‌ವರ್ತ್‌ನ ಪ್ರಸಿದ್ಧ ಸಾನೆಟ್‌ನಿಂದ ಎತ್ತಿಕೊಂಡದ್ದು. ಜಾನ್ಸನ್ ಇದ್ದಾನೆ, ಟ್ರಿನಿಡಾಡ್‌ನ ಮುದಿ ಚಿಂತಕ ಸಿ.ಎಲ್.ಆರ್. ಜೇಮ್ಸ್ ಕೂಡ ಇದ್ದಾನೆ. ಕ್ರಿಕೆಟ್ ಪುಸ್ತಕಗಳ ರುಚಿ ಇದ್ದವರಿಗೆ 'ಬಿಯಾಂಡ್ ಎ ಬೌಂಡರಿ' ಬರೆದವನಾಗಿ ಗೊತ್ತಿರಬಹುದು. ಮೇಸ್ತ್ರಿಯ ಮಗ ಲಂಡನ್‌ನಲ್ಲಿ ಅಂಥವರೊಟ್ಟಿಗೆ ಕೂತು ಇಂಗ್ಲಿಷ್ ಕಾವ್ಯದ ಮಾತಾಡಿದ. ಅಲ್ಲೇ ಉಳಿಯಬಹುದಿತ್ತು. ಎಷ್ಟೋ ಜನ ಉಳಿದಿದ್ದಾರೆ. ಅವನು ವಾಪಸ್ ಹೋದ.

ಇದೇ ಕಾಲದಲ್ಲಿ ನಮ್ಮಲ್ಲೂ ಹಾಡು ಬೀದಿಗೆ ಇಳಿದಿತ್ತು ಅನ್ನುವುದನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, ಅದರ ಪದ್ಯಗಳು ಪುಸ್ತಕದಿಂದ ಎದ್ದು ಮೆರವಣಿಗೆ ಸೇರಿದವು. ಅದೇ ವರ್ಷ ಸಮುದಾಯ ತಂಡ ಹುಟ್ಟಿತು. ಬೇಸ್ ಗಿಟಾರ್ ಇರಲಿಲ್ಲ, ತಮಟೆ ಇತ್ತು.

1983ರ ಆಗಸ್ಟ್ 16. ಕಿಂಗ್‌ಸ್ಟನ್‌ನ ಉತ್ತರಕ್ಕೆ ಸ್ಟೋನಿ ಹಿಲ್ ಅನ್ನುವ ಊರು. ಹೆಸರೇ ಕಲ್ಲುಗುಡ್ಡ, ಕಾಕತಾಳೀಯ ಅಂತ ಬಿಡಬೇಕಷ್ಟೆ. ಆಳುವ ಪಕ್ಷದ ಸಭೆ, ಶಿಕ್ಷಣ ಸಚಿವೆಯ ಭಾಷಣ. ಮೈಕಿ ಸ್ಮಿತ್ ಜನರ ನಡುವೆ ನಿಂತು ಭಾಷಣದ ಮಧ್ಯೆ ಜೋರು ದನಿಯಲ್ಲಿ ಎದುರು ಮಾತಾಡಿದ. ನಮ್ಮ ಚುನಾವಣಾ ಸಭೆಗಳಲ್ಲಿ ಹಿಂದಿನ ಸಾಲಿನಿಂದ ಯಾರೋ ಕೂಗುವುದಿಲ್ಲವೇ, ಹಾಗೆ. ವ್ಯತ್ಯಾಸ ಒಂದೇ, ಕೂಗಿದವನ ದನಿ ಇಡೀ ದ್ವೀಪಕ್ಕೆ ಪರಿಚಯ ಇತ್ತು.

ಮರುದಿನ, ಆಗಸ್ಟ್ 17ರಂದು, ಅದೇ ಊರಿನಲ್ಲಿ ಆ ಪಕ್ಷದ ಕಚೇರಿಯ ಹತ್ತಿರ ನಡೆದು ಹೋಗುತ್ತಿದ್ದಾಗ ಕೆಲವು ಗಂಡಸರು ಅವನನ್ನು ತಡೆದರು. ಪಕ್ಷದ ಬೆಂಬಲಿಗರು ಅಂತಲೇ ಹೆಚ್ಚಿನ ವರದಿಗಳು ಹೇಳುತ್ತವೆ. ಇಲ್ಲಿ ನಿನಗೇನು ಕೆಲಸ ಅನ್ನುವ ಧಾಟಿಯ ಮಾತು ಬಂತು. ಈ ನಾಡಲ್ಲಿ ಎಲ್ಲಿ ಬೇಕಾದರೂ ನಡೆಯುವ ಸ್ವಾತಂತ್ರ್ಯ ತನಗಿದೆ ಎಂದು ಅವನು ಉತ್ತರ ಕೊಟ್ಟನಂತೆ. ಅವರು ಕಲ್ಲು ಎತ್ತಿಕೊಂಡರು. ತಲೆಗೆ ಬಿದ್ದ ಪೆಟ್ಟಿನಿಂದ ಅವನು ಸತ್ತ. 29 ತುಂಬಲು ಇನ್ನೂ 28 ದಿನ ಇತ್ತು. ಕಪ್ಪು ಜನರ ಸ್ವಾಭಿಮಾನಕ್ಕೆ ಹೋರಾಡಿದ, ಜಮೈಕಾದ ಮೊದಲ ರಾಷ್ಟ್ರವೀರ ಮಾರ್ಕಸ್ ಗಾರ್ವಿ ಹುಟ್ಟಿದ ದಿನವೂ ಆಗಸ್ಟ್ 17.

ಸಭೆಯಲ್ಲಿ ಕೂಗಿದ್ದಕ್ಕೆ ಜೀವ ತೆಗೆಯುವುದಾ ಅಂತ ಅನ್ನಿಸಬಹುದು. 1989ರ ಜನವರಿ 1ರಂದು ದೆಹಲಿ ಹತ್ತಿರದ ಸಾಹಿಬಾಬಾದ್‌ನಲ್ಲಿ ಬೀದಿ ನಾಟಕ ಆಡುತ್ತಿದ್ದ ಸಫ್ದರ್ ಹಾಶ್ಮಿಯ ಮೇಲೆ ದಾಳಿ ಆದದ್ದೂ ಸ್ಥಳೀಯ ಚುನಾವಣೆಯ ಹೊತ್ತಿನಲ್ಲೇ. ಮರುದಿನ ಅವರು ತೀರಿಕೊಂಡರು. ಅವರಿಗೆ 34. ಎರಡೂ ಕಡೆ ಸತ್ತವರ ಕೈಯಲ್ಲಿ ಆಯುಧ ಇರಲಿಲ್ಲ, ಮೈಕು ಕೂಡ ಇರಲಿಲ್ಲ. ಬರೀ ದನಿ.

ಮೈಕಿ ಸ್ಮಿತ್ ಬದುಕಿರುವಾಗ ಅವನ ಕವಿತೆಗಳ ಪುಸ್ತಕ ಬಂದಿರಲಿಲ್ಲ. 1986ರಲ್ಲಿ ಬಂತು, 'ಇಟ್ ಎ ಕಮ್'. ಸಂಪಾದಿಸಿದವರು ಮರ್ವಿನ್ ಮಾರಿಸ್, ಕವಿ, ಮೇಷ್ಟ್ರು. ಲೂಯಿಸ್ ಬೆನೆಟ್‌ಳನ್ನು ಗಂಭೀರವಾಗಿ ಓದಬೇಕು ಅಂತ 1960ರ ದಶಕದಲ್ಲೇ ವಾದಿಸಿದ್ದು ಇದೇ ಮಾರಿಸ್. ಅವರ ಮುಂದೆ ಇದ್ದ ಸಮಸ್ಯೆ ನಮಗೆ ಸಣ್ಣದು ಅನ್ನಿಸಬಹುದು: ಸ್ಪೆಲ್ಲಿಂಗ್. ಪಾಟ್ವಾ ಮಾತನ್ನು ಸದ್ದಿಗೆ ಸರಿಯಾಗಿ ಬರೆದರೆ ಹೊರಗಿನವರಿಗೆ ಓದಲು ಬರುವುದಿಲ್ಲ, ಇಂಗ್ಲಿಷಿನ ಹತ್ತಿರ ತಂದರೆ ದನಿ ಹೋಗುತ್ತದೆ. ಎಳೆದ ಒಂದು ಶಬ್ದಕ್ಕೆ ಅಕ್ಷರ ಎಷ್ಟು ಸಲ ಬರೆಯಬೇಕು? ಸಾಲು ಎಲ್ಲಿ ಮುರಿಯಬೇಕು, ಉಸಿರು ನಿಂತಲ್ಲೋ ಅರ್ಥ ನಿಂತಲ್ಲೋ? ಕನ್ನಡ ಲಿಪಿಯಲ್ಲಿ ತುಳು ವಾಟ್ಸ್ಆ್ಯಪ್ ಮಾಡುವವರಿಗೆ ಈ ಒದ್ದಾಟ ದಿನಾ ಉಂಟು. ಶಬ್ದದ ಕೊನೆಯ ಆ ಅರ್ಧ ಉಕಾರಕ್ಕೆ ಅಕ್ಷರವೇ ಇಲ್ಲ, ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ.

ಮಾರಿಸ್ ಮಾಡಿದ ಆಯ್ಕೆಗಳು ಪುಟದ ಮೇಲೆ ಚೆನ್ನಾಗಿಯೇ ಇವೆ. ಆದರೆ ಮೊದಲು ಆಲ್ಬಮ್ ಕೇಳಿ, ಆಮೇಲೆ ಪುಸ್ತಕ ಹುಡುಕಿ. ಕೆಲವು ಕಡೆ ವಾದ್ಯ ಪೂರ್ತಿ ಹಿಂದೆ ಸರಿದು ದನಿ ಮಾತ್ರ ಉಳಿಯುತ್ತದೆ, ಅಲ್ಲೂ ಕಾಲು ತಾನಾಗಿ ತಾಳ ಹಾಕುತ್ತದೆಯಾ ನೋಡಿ. ಮೊದಲ ಸಲ ಅರ್ಧ ಮಾತು ಅರ್ಥವಾಗುವುದಿಲ್ಲ, ಮೂರನೇ ಸಲಕ್ಕೆ ಮುಕ್ಕಾಲು ಸಿಗುತ್ತದೆ. ಮೊಬೈಲಿನ ಸ್ಪೀಕರ್ ಸಾಲದು, ಅದರಲ್ಲಿ ಬೇಸ್ ಬರುವುದೇ ಇಲ್ಲ. ಹಾಸ್ಟೆಲಿನಲ್ಲಿ ಯಾರದ್ದಾದರೂ ದೊಡ್ಡ ಸ್ಪೀಕರ್ ಇದ್ದರೆ ಒಂದು ಸಂಜೆಗೆ ಕೇಳಿ ತೆಗೆದುಕೊಳ್ಳಿ.